ಸರ್ಕಾರದ ಮಾತು ಎಲ್ಲಿ ಮುಗಿಯುತ್ತದೆ, ಪಕ್ಷದ ಮಾತು ಎಲ್ಲಿ ಶುರುವಾಗುತ್ತದೆ?

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಬ್ಬ ನಿವೃತ್ತ ಶಿಕ್ಷಕ. ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಎಷ್ಟೋ ದಿನ ಮುಖಪುಟದ ತುಂಬ ಸರ್ಕಾರದ ಜಾಹೀರಾತೇ ಇರುತ್ತದೆ, ಅದರಲ್ಲಿ ಅರ್ಧ ಜಾಗ ನಾಯಕರ ಭಾವಚಿತ್ರಗಳಿಗೆ. ಇದನ್ನು ಸರ್ಕಾರ ಜನರಿಗೆ ಕೊಡುವ ಮಾಹಿತಿ ಎನ್ನಬೇಕೇ, ನಮ್ಮ ತೆರಿಗೆ ಹಣದಲ್ಲಿ ನಡೆಯುವ ಪಕ್ಷದ ಪ್ರಚಾರ ಎನ್ನಬೇಕೇ? ಸರ್ಕಾರದಲ್ಲಿಯೂ ರಾಜಕೀಯದಲ್ಲಿಯೂ ಸಾರ್ವಜನಿಕ ಸಂಪರ್ಕದ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಎಂಬುದನ್ನು ದಯವಿಟ್ಟು ವಿವರಿಸಿ. ನನ್ನ ಮಗಳು ಪತ್ರಿಕೋದ್ಯಮದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದು, ಇದೇ ಕ್ಷೇತ್ರಕ್ಕೆ ಹೋಗುತ್ತೇನೆ ಎನ್ನುತ್ತಿದ್ದಾಳೆ. ಅವಳಿಗೆ ಏನು ಹೇಳಲಿ?

ಉತ್ತರ: ತಾವು ಕೇಳಿರುವುದು ಎರಡು ಬೇರೆ ಬೇರೆ ಕೆಲಸಗಳ ಬಗ್ಗೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಆಗಿ ಕಾಣುತ್ತವೆ, ಏಕೆಂದರೆ ಎರಡರಲ್ಲೂ ಅವೇ ಮುಖಗಳು, ಅವೇ ಪತ್ರಿಕೆಗಳು, ಅವೇ ವಾಹಿನಿಗಳು. ಸರ್ಕಾರದ ಸಾರ್ವಜನಿಕ ಸಂಪರ್ಕ ನಡೆಯುವುದು ಎಲ್ಲರ ಹಣದಲ್ಲಿ. ಆದ್ದರಿಂದ ಅದು ಆಳುವವರಿಗೆ ಮತ ಹಾಕಿದವರೊಂದಿಗೆ ಹಾಕದವರಿಗೂ ಸಮನಾಗಿ ಸಲ್ಲಬೇಕು. ನಾಗರಿಕನಿಗೆ ಏನು ಸಲ್ಲಬೇಕು, ಅದನ್ನು ಪಡೆಯುವ ಬಗೆ ಯಾವುದು, ಸರ್ಕಾರ ಒಂದು ತೀರ್ಮಾನವನ್ನು ಏಕೆ ಕೈಗೊಂಡಿತು ಎಂಬುದನ್ನು ತಿಳಿಸುವುದು ಮತ್ತು ನಾಗರಿಕ ಹೇಳುವುದನ್ನು ಸರ್ಕಾರದ ಕಿವಿಗೆ ಮುಟ್ಟಿಸುವುದು ಅದರ ಕೆಲಸ. ರಾಜಕೀಯ ಪಕ್ಷದ ಸಾರ್ವಜನಿಕ ಸಂಪರ್ಕ ನಡೆಯಬೇಕಾದದ್ದು ಪಕ್ಷದ ಹಣದಲ್ಲಿ, ಮತ ಪಡೆಯುವ ಉದ್ದೇಶಕ್ಕೆ. ಪ್ರಜಾಪ್ರಭುತ್ವದಲ್ಲಿ ಎರಡೂ ನ್ಯಾಯವಾದ ಕೆಲಸಗಳೇ. ಮೊದಲನೆಯದರ ಖಜಾನೆ, ನೌಕರರು ಮತ್ತು ದತ್ತಾಂಶವನ್ನು ಎರಡನೆಯದರ ಸೇವೆಗೆ ಹಚ್ಚಿದಾಗ ಅನ್ಯಾಯ ಶುರುವಾಗುತ್ತದೆ. ನಮ್ಮ ದೇಶದಲ್ಲಿ ಈ ಗಡಿಯನ್ನು ದಾಟದ ಆಡಳಿತ ಪಕ್ಷವನ್ನು ಹುಡುಕುವುದು ಕಷ್ಟ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಕೊಡುವ ಉದಾಹರಣೆಗಳನ್ನು ಯಾವುದೋ ಒಂದು ಪಕ್ಷದ ಮೇಲಿನ ದೂರೆಂದು ತಾವು ಓದಬಾರದು.

ಸರ್ಕಾರ ಜನರಿಗೆ ಲೆಕ್ಕ ಒಪ್ಪಿಸಬೇಕು ಎಂಬ ರೂಢಿಗೆ ನಮ್ಮ ನೆಲದಲ್ಲಿ ಹಳೆಯ ಬೇರುಗಳಿವೆ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದ ವರ್ಷವೇ ದಿವಾನ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ದಸರೆಯ ಹೊತ್ತಿಗೆ ಸೇರಿದ ಆ ಮೊದಲ ಸಭೆಗೆ 144 ಮಂದಿ ಪ್ರತಿನಿಧಿಗಳು ಬಂದಿದ್ದರು. ದಿವಾನರು ಹಿಂದಿನ ವರ್ಷದ ಆಡಳಿತದ ವರದಿಯನ್ನು ಅವರ ಮುಂದೆ ಓದುತ್ತಿದ್ದರು, ಪ್ರತಿನಿಧಿಗಳು ತಮ್ಮ ತಮ್ಮ ಕಡೆಯ ಅಹವಾಲುಗಳನ್ನು ಮಂಡಿಸುತ್ತಿದ್ದರು. ಶಾಸನ ಮಾಡುವ ಅಧಿಕಾರ ಆ ಸಭೆಗಿರಲಿಲ್ಲ, ಬಂದವರೂ ಬಹುಪಾಲು ಜಮೀನುದಾರರು ಮತ್ತು ವ್ಯಾಪಾರಸ್ಥರು. ಆದರೂ ಸರ್ಕಾರದ ಸಾರ್ವಜನಿಕ ಸಂಪರ್ಕಕ್ಕೆ ಬೇಕಾದ ಎರಡು ಅಂಗಗಳು, ಅಂದರೆ ಮೇಲಿನಿಂದ ವಿವರಣೆ ಮತ್ತು ಕೆಳಗಿನಿಂದ ಅಹವಾಲು, ಅಲ್ಲಿ ಒಂದೇ ಚಾವಣಿಯಡಿ ಇದ್ದವು. ಇಂದು ನಮ್ಮ ವ್ಯವಸ್ಥೆಯಲ್ಲಿ ಮೊದಲನೆಯ ಅಂಗ ಬಹಳ ದಪ್ಪವಾಗಿ ಬೆಳೆದಿದೆ, ಎರಡನೆಯದು ಸೊರಗಿದೆ.

ಇದಕ್ಕೆ ಈಗ ಕಾನೂನಿನ ಆಧಾರವೂ ಇದೆ. ಮಾಹಿತಿ ಹಕ್ಕು ಅಧಿನಿಯಮ, 2005 ಎಂದರೆ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಅದರ 4ನೇ ಪ್ರಕರಣ ಅದಕ್ಕಿಂತ ಮಹತ್ವದ್ದು. ಜನರನ್ನು ತಟ್ಟುವ ಮುಖ್ಯ ನೀತಿಗಳನ್ನು ರೂಪಿಸುವಾಗ ಅಥವಾ ತೀರ್ಮಾನಗಳನ್ನು ಪ್ರಕಟಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನು ಸರ್ಕಾರ ತಾನಾಗಿಯೇ ಪ್ರಕಟಿಸಬೇಕು, ಬಾಧಿತರಾದವರಿಗೆ ಕಾರಣಗಳನ್ನು ಕೊಡಬೇಕು, ಅದೂ ಸ್ಥಳೀಯ ಭಾಷೆಯಲ್ಲಿ, ಆ ಪ್ರದೇಶಕ್ಕೆ ಹೊಂದುವ ಪರಿಣಾಮಕಾರಿ ವಿಧಾನದಲ್ಲಿ, ವೆಚ್ಚವನ್ನೂ ಗಮನದಲ್ಲಿಟ್ಟು ಎಂದು ಅದು ಹೇಳುತ್ತದೆ. ಸರ್ಕಾರಿ ಸಾರ್ವಜನಿಕ ಸಂಪರ್ಕದ ಬಗ್ಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆಯನ್ನು ನಾನು ಪಠ್ಯಪುಸ್ತಕಗಳಲ್ಲಿಯೂ ಕಂಡಿಲ್ಲ.

ಇನ್ನು ಯಂತ್ರದ ವಿಚಾರ. ಕರ್ನಾಟಕದಲ್ಲಿ ಈ ಕೆಲಸ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯದು. ಕೇಂದ್ರ ಕಚೇರಿ ಬೆಂಗಳೂರಿನ ವಾರ್ತಾ ಸೌಧ. ಜಿಲ್ಲೆಗಳಲ್ಲಿ ಜನ ಸಾಮಾನ್ಯವಾಗಿ ವಾರ್ತಾಧಿಕಾರಿ ಎಂದು ಕರೆಯುವ ಅಧಿಕಾರಿಯ ಕಚೇರಿ. ಕೇಂದ್ರ ಸರ್ಕಾರದ ಪರವಾಗಿ ಪತ್ರಿಕಾ ಪ್ರಕಟಣೆಗಳನ್ನು ಹೊರಡಿಸುವುದು ಪತ್ರಿಕಾ ಮಾಹಿತಿ ಕಾರ್ಯಾಲಯ, ಅಂದರೆ ಪಿಐಬಿ. ಜಾಹೀರಾತುಗಳನ್ನು ನೋಡಿಕೊಳ್ಳುವುದು ಕೇಂದ್ರ ಸಂವಹನ ಕಾರ್ಯಾಲಯ. ಹಳಬರಿಗೆ ಇದರ ಪರಿಚಯ ಡಿಎವಿಪಿ ಎಂಬ ಹೆಸರಿನಲ್ಲಿ. 2017ರಲ್ಲಿ ಡಿಎವಿಪಿ, ಕ್ಷೇತ್ರ ಪ್ರಚಾರ ನಿರ್ದೇಶನಾಲಯ ಮತ್ತು ಸಂಗೀತ ಹಾಗೂ ನಾಟಕ ವಿಭಾಗಗಳನ್ನು ಒಂದುಗೂಡಿಸಲಾಯಿತು. ಇವಲ್ಲದೆ ಮುಖ್ಯಮಂತ್ರಿಗಳಿಗೆ ಮಾಧ್ಯಮ ಸಲಹೆಗಾರರೂ ಮಾಧ್ಯಮ ಕಾರ್ಯದರ್ಶಿಗಳೂ ಇರುತ್ತಾರೆ. ಇವರು ಹೆಚ್ಚಾಗಿ ನಾಯಕರೇ ಆರಿಸಿಕೊಂಡವರು, ಅವರ ಅಧಿಕಾರಾವಧಿ ಮುಗಿದರೆ ಇವರ ಕೆಲಸವೂ ಮುಗಿಯಿತು. ವಾರ್ತಾಧಿಕಾರಿ ಹಾಗಲ್ಲ, ಆತ ಕಾಯಂ ನೌಕರ, ಸರ್ಕಾರ ಬದಲಾದರೂ ಅದೇ ಕುರ್ಚಿಯಲ್ಲಿ ಕುಳಿತು ಹೊಸಬರ ಪ್ರಕಟಣೆ ಬರೆಯುವವ. ಈ ವ್ಯತ್ಯಾಸವನ್ನು ತಮ್ಮ ಮಗಳು ಚೆನ್ನಾಗಿ ಮನಗಾಣಬೇಕು.

ಜಿಲ್ಲಾ ವಾರ್ತಾಧಿಕಾರಿಯ ದಿನ ಶುರುವಾಗುವುದು ಪತ್ರಿಕೆಗಳಿಂದ. ಜಿಲ್ಲೆಯ ದೊಡ್ಡ, ಸಣ್ಣ ಪತ್ರಿಕೆಗಳಲ್ಲಿ ಆಡಳಿತಕ್ಕೆ ಸಂಬಂಧಿಸಿ ಬಂದ ಸುದ್ದಿ, ದೂರು, ಓದುಗರ ಪತ್ರಗಳನ್ನು ಗುರುತಿಸಿ ಆ ತುಣುಕುಗಳನ್ನು ಜಿಲ್ಲಾಧಿಕಾರಿಗಳಿಗೂ ಮೇಲಿನ ಕಚೇರಿಗೂ ಕಳಿಸಬೇಕು. ಹಿಂದೆ ಕತ್ತರಿ, ಅಂಟು, ಕಡತ. ಈಗ ಮೊಬೈಲಿನಲ್ಲಿ ತೆಗೆದ ಚಿತ್ರ, ವಾಟ್ಸ್ಆ್ಯಪ್ ಗುಂಪು. ಆಮೇಲೆ ಸಭೆಗಳು, ಸಚಿವರ ಪ್ರವಾಸ, ಸುದ್ದಿಗೋಷ್ಠಿಗೆ ಪತ್ರಕರ್ತರನ್ನು ಕರೆಯುವುದು, ಸಂಜೆಯೊಳಗೆ ಪ್ರಕಟಣೆ ಮತ್ತು ಫೋಟೋ ಕಳಿಸುವುದು. ಇದರ ನಡುವೆ ಬೀದಿನಾಟಕ ಮತ್ತು ಜನಪದ ಕಲಾ ತಂಡಗಳಿಂದ ಹಳ್ಳಿಗಳಲ್ಲಿ ಯೋಜನೆಗಳ ಪ್ರಚಾರ, ಬಸ್ ನಿಲ್ದಾಣದಲ್ಲಿ ಚಿತ್ರ ಪ್ರದರ್ಶನ, ಪತ್ರಕರ್ತರ ಮಾನ್ಯತಾ ಪತ್ರಗಳ ಕಾಗದಪತ್ರ.

ಈ ಎಲ್ಲದರ ನಡುವೆ ನಿಜವಾದ ಕಸಬುದಾರಿಕೆ ಕಾಣುವುದು ಪತ್ರಿಕಾ ಪ್ರಕಟಣೆ ಬರೆಯುವಲ್ಲಿ. ಇಲಾಖೆಯೊಂದರಿಂದ ಬರುವ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: "ಸಾಲಿನ ಮುಂಗಾರು ಹಂಗಾಮಿನಲ್ಲಿ ಅತಿವೃಷ್ಟಿಯಿಂದ ಬೆಳೆ ಹಾನಿಗೊಳಗಾದ ಅರ್ಹ ಫಲಾನುಭವಿಗಳು ನಿಗದಿತ ನಮೂನೆಯಲ್ಲಿ ಅಗತ್ಯ ದಾಖಲೆಗಳೊಂದಿಗೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ನಿಗದಿತ ಅವಧಿಯೊಳಗೆ ಅರ್ಜಿ ಸಲ್ಲಿಸತಕ್ಕದ್ದು." ವ್ಯಾಕರಣದ ತಪ್ಪಿಲ್ಲ, ಕಾನೂನಿನ ತಪ್ಪೂ ಇಲ್ಲ. ಆದರೆ ನೆಲಗಡಲೆ ಕೊಳೆತು ಕುಳಿತ ರೈತನಿಗೆ ಇದರಿಂದ ಒಂದು ಸಂಗತಿಯೂ ತಿಳಿಯುವುದಿಲ್ಲ. ಯಾವ ದಾಖಲೆ? ಪಹಣಿಯೋ, ಆಧಾರ್ ಕಾರ್ಡೋ, ಬ್ಯಾಂಕ್ ಪಾಸ್‌ಬುಕ್ಕೋ? ಕೊಡಬೇಕಾದದ್ದು ಗ್ರಾಮ ಆಡಳಿತಾಧಿಕಾರಿಗೋ, ರೈತ ಸಂಪರ್ಕ ಕೇಂದ್ರಕ್ಕೋ, ನಾಡಕಚೇರಿಗೋ? ಕೊನೆಯ ದಿನ ಯಾವುದು? ಲಾವಣಿಗೆ, ಅಂದರೆ ಗೇಣಿಗೆ, ಹೊಲ ಹಿಡಿದು ಉಳುಮೆ ಮಾಡುವವನಿಗೆ ಸಿಗುತ್ತದೋ ಇಲ್ಲವೋ? ಅರ್ಜಿ ತಿರಸ್ಕಾರವಾದರೆ ಯಾರನ್ನು ಕೇಳಬೇಕು? ಒಳ್ಳೆಯ ವಾರ್ತಾಧಿಕಾರಿ ಈ ಕರಡನ್ನು ಹಾಗೆಯೇ ಮುಂದಕ್ಕೆ ಕಳಿಸುವುದಿಲ್ಲ. ಕೃಷಿ ಇಲಾಖೆಗೂ ತಹಶೀಲ್ದಾರರ ಕಚೇರಿಗೂ ಫೋನ್ ಮಾಡಿ ಒಂದೊಂದಕ್ಕೂ ಉತ್ತರ ಪಡೆದು, ಅವನ್ನು ಮೊದಲ ಎರಡು ವಾಕ್ಯಗಳಲ್ಲಿಯೇ ಇಟ್ಟು, ಸಚಿವರು ಏನು ಹೇಳಿದರೆಂಬುದನ್ನು ಕೊನೆಗೆ ಹಾಕುತ್ತಾನೆ. ಎಷ್ಟೋ ಬಾರಿ ಆ ಫೋನ್ ಕರೆಗಳಿಂದಲೇ ಇಲಾಖೆಯೊಳಗೆ ಯಾರೂ ಆ ಪ್ರಶ್ನೆಗಳನ್ನು ಕೇಳಿಕೊಂಡಿರಲಿಲ್ಲ ಎಂಬುದು ಹೊರಬೀಳುತ್ತದೆ. ಹಾಗೆ ನೋಡಿದರೆ ಸಾರ್ವಜನಿಕ ಸಂಪರ್ಕದ ಮೊದಲ ಲಾಭ ಆಡಳಿತಕ್ಕೇ. ದುರದೃಷ್ಟವೆಂದರೆ ಈ ಶ್ರಮವನ್ನು ಅಳೆದು ಮೆಚ್ಚುವ ಪದ್ಧತಿ ನಮ್ಮಲ್ಲಿಲ್ಲ. ಸಚಿವರ ಫೋಟೋ ಯಾವ ಪುಟದಲ್ಲಿ ಬಂತು ಎಂಬುದನ್ನು ನೋಡುವವರೇ ಹೆಚ್ಚು.

ಕೇಳಿಸಿಕೊಳ್ಳುವ ಅಂಗ ಸೊರಗಿದೆ ಎಂದೆ. ಪ್ರಯತ್ನಗಳು ಆಗಿಲ್ಲವೆಂದಲ್ಲ. ಎಚ್.ಡಿ. ಕುಮಾರಸ್ವಾಮಿ ಅವರು 2006ರಲ್ಲಿ ಮುಖ್ಯಮಂತ್ರಿಯಾದಾಗ ಜನತಾ ದರ್ಶನ ಮತ್ತು ಗ್ರಾಮ ವಾಸ್ತವ್ಯ ನಡೆಸಿದರು. 2021ರಲ್ಲಿ 'ಜಿಲ್ಲಾಧಿಕಾರಿಗಳ ನಡೆ ಹಳ್ಳಿಯ ಕಡೆ' ಆರಂಭವಾಯಿತು. ಸಿದ್ದರಾಮಯ್ಯ ಅವರು 2023ರ ನವೆಂಬರ್‌ನಲ್ಲಿ ಜನಸ್ಪಂದನ ನಡೆಸಿದರು. ದೂರು ಹೇಳಿಕೊಳ್ಳಲು 1902 ಸಂಖ್ಯೆಯ ಸಹಾಯವಾಣಿಯೂ ಇದೆ. ಇಂಥ ಕಾರ್ಯಕ್ರಮಗಳಲ್ಲಿ ಅಹವಾಲು ಸ್ವೀಕರಿಸುವ ದೃಶ್ಯ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ, ಆ ಅಹವಾಲಿಗೆ ಮೂರು ತಿಂಗಳ ಬಳಿಕ ಏನಾಯಿತು ಎಂಬುದು ಬರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ವಾರ್ತಾ ಇಲಾಖೆ ಆ ಎರಡನೆಯ ಸುದ್ದಿಯನ್ನು, ವಿಲೇವಾರಿಯಾಗದೆ ಉಳಿದವುಗಳ ಸಂಖ್ಯೆಯ ಸಮೇತ, ತಾನೇ ಪ್ರಕಟಿಸಬೇಕು. ಮುಜುಗರವಾಗಬಹುದಾದರೂ ಜನ ನಂಬುವುದು ಅದನ್ನೇ.

ಈಗ ತಾವು ನೇರವಾಗಿ ಕೇಳಿದ ಜಾಹೀರಾತಿನ ವಿಚಾರಕ್ಕೆ ಬರುತ್ತೇನೆ. ಸರ್ಕಾರಿ ಜಾಹೀರಾತಿಗೆ ಎರಡು ಮುಖಗಳಿವೆ. ಟೆಂಡರ್ ಪ್ರಕಟಣೆ, ನೇಮಕಾತಿ, ಲಸಿಕೆ ದಿನಾಂಕ ಮುಂತಾದವು ಓದುಗನಿಗೆ ತಲುಪುವುದು ಒಂದು. ಪತ್ರಿಕೆಗೆ ಆದಾಯ ತಲುಪುವುದು ಇನ್ನೊಂದು. ಇಲಾಖೆಯ ಮಾಧ್ಯಮ ಪಟ್ಟಿಯಲ್ಲಿ ಹೆಸರಿರುವ ಸಣ್ಣ ಜಿಲ್ಲಾ ಪತ್ರಿಕೆಗಳಲ್ಲಿ ಹಲವಕ್ಕೆ ಈ ಆದಾಯವೇ ಕಾಗದ ಮತ್ತು ಮುದ್ರಣದ ಖರ್ಚು. ಆದ್ದರಿಂದ ಜಾಹೀರಾತು ಕೊಡುವ ಕೈ ಪತ್ರಿಕೆಯ ಕುತ್ತಿಗೆಯ ಮೇಲೂ ಇರುತ್ತದೆ. ಇದರ ಅತ್ಯಂತ ಕೆಟ್ಟ ರೂಪವನ್ನು ದೇಶ ಕಂಡದ್ದು 1975ರಿಂದ 1977ರ ತುರ್ತು ಪರಿಸ್ಥಿತಿಯಲ್ಲಿ. ಆಗ ಪತ್ರಿಕೆಗಳನ್ನು ಸ್ನೇಹಪರ, ತಟಸ್ಥ, ವಿರೋಧಿ ಎಂದು ವಿಂಗಡಿಸಿ ಅದರಂತೆ ಜಾಹೀರಾತು ಹಂಚಿದ ಸಂಗತಿಯನ್ನು, ಆ ಕಾಲದ ಅತಿರೇಕಗಳ ತನಿಖೆಗೆ ನೇಮಕವಾದ ಷಾ ಆಯೋಗ ದಾಖಲಿಸಿದೆ. ಇಂದು ಅಂಥ ಲಿಖಿತ ವಿಂಗಡಣೆಯ ಅಗತ್ಯವೂ ಇಲ್ಲ. ಬಿಲ್ಲು ತಡವಾಗುವುದು, ವಿಶೇಷ ಪುರವಣಿಗೆ ಹೆಸರು ಬಿಟ್ಟುಹೋಗುವುದು ಸಾಕು, ಸಂಪಾದಕರಿಗೆ ಅರ್ಥವಾಗುತ್ತದೆ.

ಜಾಹೀರಾತಿನ ಒಳಗೆ ಏನಿರಬೇಕು ಎಂಬ ಬಗ್ಗೆ ಸುಪ್ರೀಂ ಕೋರ್ಟ್ 2015ರ ಮೇ 13ರಂದು, ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ, ಮಾರ್ಗಸೂಚಿಗಳನ್ನು ಕೊಟ್ಟಿದೆ. ಪ್ರೊ. ಎನ್.ಆರ್. ಮಾಧವ ಮೆನನ್ ಅವರ ಸಮಿತಿ ಅದಕ್ಕೆ ಮೊದಲು ವರದಿ ನೀಡಿತ್ತು. ಜಾಹೀರಾತು ಸರ್ಕಾರದ ಹೊಣೆಗಾರಿಕೆಗೆ ಸಂಬಂಧಿಸಿರಬೇಕು, ವಸ್ತುನಿಷ್ಠವಾಗಿರಬೇಕು, ಆಡಳಿತ ಪಕ್ಷದ ರಾಜಕೀಯ ಹಿತಕ್ಕೆ ಬಳಕೆಯಾಗಬಾರದು, ವೆಚ್ಚಕ್ಕೆ ಸಮರ್ಥನೆ ಇರಬೇಕು, ಕಾನೂನಿಗೆ ಬದ್ಧವಾಗಿರಬೇಕು ಎಂಬುದು ಅವುಗಳ ಸಾರ. ಭಾವಚಿತ್ರಗಳ ವಿಷಯದಲ್ಲಿ ನ್ಯಾಯಾಲಯ ರಾಷ್ಟ್ರಪತಿ, ಪ್ರಧಾನಿ ಮತ್ತು ಮುಖ್ಯ ನ್ಯಾಯಮೂರ್ತಿಗಳ ಚಿತ್ರಕ್ಕೆ ಮಾತ್ರ ಅವಕಾಶ ನೀಡಿತ್ತು. ಕೇಂದ್ರ ಮತ್ತು ಕೆಲವು ರಾಜ್ಯಗಳು ಮರುಪರಿಶೀಲನೆ ಕೋರಿದ ಮೇಲೆ 2016ರ ಮಾರ್ಚ್‌ನಲ್ಲಿ ರಾಜ್ಯಪಾಲರು, ಮುಖ್ಯಮಂತ್ರಿಗಳು ಮತ್ತು ಸಂಬಂಧಪಟ್ಟ ಸಚಿವರ ಚಿತ್ರಗಳಿಗೂ ಒಪ್ಪಿಗೆ ಸಿಕ್ಕಿತು. ತಾವು ಮುಖಪುಟದಲ್ಲಿ ಕಾಣುವ ಚಿತ್ರಗಳು ಬಹುಮಟ್ಟಿಗೆ ಈ ಸಡಿಲಿಕೆಯ ಫಲ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಸಂಗತಿ ಬೇರೆಯಿದೆ. ಚುನಾವಣೆಯ ಹೊಸ್ತಿಲಲ್ಲಿ ಸರ್ಕಾರಿ ಜಾಹೀರಾತುಗಳನ್ನು ನಿರ್ಬಂಧಿಸಬೇಕು ಎಂಬ ಸಮಿತಿಯ ಸಲಹೆಯನ್ನು ನ್ಯಾಯಾಲಯ 2015ರಲ್ಲಿಯೇ ಒಪ್ಪಲಿಲ್ಲ. ಚುನಾವಣಾ ನೀತಿ ಸಂಹಿತೆ ಜಾರಿಯಾದ ಕ್ಷಣದಿಂದ ಖಜಾನೆಯ ಹಣದ ಜಾಹೀರಾತಿಗೆ ತಡೆ ಬೀಳುತ್ತದೆ, ಅದರ ಹಿಂದಿನ ದಿನದವರೆಗೆ ಬಾಗಿಲು ತೆರೆದಿರುತ್ತದೆ. ಹೀಗಾಗಿ ಚುನಾವಣಾ ದಿನಾಂಕ ಪ್ರಕಟವಾಗುವ ಮುಂಚಿನ ವಾರಗಳಲ್ಲಿ ಪುಟಗಟ್ಟಲೆ ಜಾಹೀರಾತು ಹರಿದು ಬರುತ್ತದೆ. ಆ ಕೆಲವು ತಿಂಗಳಿಗಾದರೂ ನಿರ್ಬಂಧ ಬೇಕು ಎಂಬ ಸಮಿತಿಯ ಮಾತು ಸರಿಯಾಗಿತ್ತು ಎಂದೇ ನಾನು ಭಾವಿಸುತ್ತೇನೆ.

ಗಡಿ ದಾಟಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಮೂರು ಪ್ರಕರಣಗಳನ್ನು ನೋಡಿ. ದೆಹಲಿಯಲ್ಲಿ ಆಮ್ ಆದ್ಮಿ ಪಕ್ಷದ ಸರ್ಕಾರದ ಜಾಹೀರಾತುಗಳು ಪಕ್ಷವನ್ನು ಬಿಂಬಿಸುತ್ತಿವೆ ಎಂದು ಸರ್ಕಾರಿ ಜಾಹೀರಾತುಗಳ ವಿಷಯ ನಿಯಂತ್ರಣ ಸಮಿತಿ 2016ರಲ್ಲಿ ಹೇಳಿತು. ಅದರ ಆಧಾರದ ಮೇಲೆ 2023ರ ಜನವರಿಯಲ್ಲಿ ಬಡ್ಡಿ ಸೇರಿ 163.62 ಕೋಟಿ ರೂಪಾಯಿ ಕಟ್ಟುವಂತೆ ಪಕ್ಷಕ್ಕೆ ನೋಟಿಸ್ ಹೋಯಿತು. ಸಮಿತಿಯ ಮಾತಿಗೂ ನೋಟಿಸಿಗೂ ನಡುವೆ ಆರು ವರ್ಷಗಳ ಅಂತರ ಇರುವುದನ್ನು ಗಮನಿಸಿ. 2023ರ ನವೆಂಬರ್‌ನಲ್ಲಿ ತೆಲಂಗಾಣದ ಚುನಾವಣೆ ನಡೆಯುತ್ತಿದ್ದಾಗ ನಮ್ಮ ಕರ್ನಾಟಕ ಸರ್ಕಾರ ತನ್ನ ಗ್ಯಾರಂಟಿ ಯೋಜನೆಗಳ ಜಾಹೀರಾತನ್ನು ಅಲ್ಲಿನ ಪತ್ರಿಕೆಗಳಿಗೆ ಕೊಟ್ಟಿತು. ಮತದಾನ ನಡೆಯುವ ರಾಜ್ಯದಲ್ಲಿ ಬೇರೆ ರಾಜ್ಯ ಸರ್ಕಾರದ ಜಾಹೀರಾತಿಗೆ ಚುನಾವಣಾ ಆಯೋಗದ ಮುಂಗಡ ಒಪ್ಪಿಗೆ ಬೇಕು. ಅದನ್ನು ಪಡೆದಿರಲಿಲ್ಲವೆಂದು ಆಯೋಗ ಆ ಜಾಹೀರಾತುಗಳನ್ನು ನಿಲ್ಲಿಸುವಂತೆ ಸೂಚಿಸಿತು. ಬೀದರ್‌ನ ಹೆಣ್ಣುಮಗಳಿಗೆ ಸಿಗುವ ಸೌಲಭ್ಯವನ್ನು ಹೈದರಾಬಾದಿನ ಓದುಗನಿಗೆ ತಿಳಿಸುವುದರಲ್ಲಿ ಕರ್ನಾಟಕದ ತೆರಿಗೆದಾರನಿಗೆ ಯಾವ ಪ್ರಯೋಜನವೂ ಇರಲಿಲ್ಲ. 2024ರ ಮಾರ್ಚ್‌ನಲ್ಲಿ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಜಾರಿಯಾದ ಮೇಲೂ ಕೇಂದ್ರ ಸರ್ಕಾರದ 'ವಿಕಸಿತ ಭಾರತ ಸಂಪರ್ಕ'ದ ವಾಟ್ಸ್ಆ್ಯಪ್ ಸಂದೇಶ, ಪ್ರಧಾನಿಯವರ ಪತ್ರದೊಂದಿಗೆ, ಜನರ ಮೊಬೈಲುಗಳಿಗೆ ಬರುತ್ತಲೇ ಇತ್ತು. ಮೊದಲೇ ಕಳಿಸಿದ್ದು ತಡವಾಗಿ ತಲುಪಿರಬಹುದು ಎಂದು ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ ಹೇಳಿತು, ನಿಲ್ಲಿಸಿ ಎಂದು ಆಯೋಗ ಆದೇಶಿಸಿತು. ಮೂರೂ ಕಡೆ ಪಕ್ಷ ಬೇರೆ, ತಪ್ಪಿನ ಬಗೆ ಒಂದೇ. ಮೂರನೆಯದು ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುತ್ತದೆ. ಪತ್ರಿಕೆಯ ಜಾಹೀರಾತು ಎಲ್ಲರ ಕಣ್ಣೆದುರಿಗೆ ಇರುತ್ತದೆ, ಯಾರಾದರೂ ದೂರು ಕೊಡಬಹುದು. ಒಬ್ಬೊಬ್ಬರ ಮೊಬೈಲಿಗೆ ಹೋಗುವ ಸಂದೇಶ ಹಾಗಲ್ಲ, ಅದಕ್ಕೆ ಬಳಸಿದ ಫೋನ್ ಸಂಖ್ಯೆಗಳ ಪಟ್ಟಿ ಎಲ್ಲಿಂದ ಬಂತು ಎಂಬ ಪ್ರಶ್ನೆಯೂ ಅದರ ಹಿಂದೆಯೇ ಬರುತ್ತದೆ.

ರಾಜಕೀಯ ಪಕ್ಷಗಳ ಸಾರ್ವಜನಿಕ ಸಂಪರ್ಕದ ಬಗ್ಗೆ ಸ್ವಲ್ಪ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದು ಕಣ್ಣಿಗೆ ಬೀಳುವ ಕೆಲಸ. ಸಮೀಕ್ಷೆ ಮಾಡಿಸಿ ಜನರ ಅಸಮಾಧಾನ ಎಲ್ಲಿದೆ ಎಂದು ಗುರುತಿಸುವುದು, ಅದನ್ನು ನಾಲ್ಕು ಪದಗಳಿಗೆ ಇಳಿಸುವುದು, ಆ ನಾಲ್ಕು ಪದಗಳನ್ನು ವಾರ್ ರೂಮಿನಿಂದ ಬೂತ್ ಕಾರ್ಯಕರ್ತನವರೆಗೆ ಎಲ್ಲರೂ ಒಂದೇ ಸಲ ಆಡುವಂತೆ ಮಾಡುವುದು ಅದರ ತಿರುಳು. 2023ರ ನಮ್ಮ ವಿಧಾನಸಭಾ ಚುನಾವಣೆಯಲ್ಲಿ ಇದರ ಎಲ್ಲ ರೂಪಗಳೂ ಇದ್ದವು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಆಗಿನ ಮುಖ್ಯಮಂತ್ರಿಗಳ ಮುಖವಿದ್ದ ಕ್ಯೂಆರ್ ಕೋಡಿನ 'ಪೇಸಿಎಂ' ಭಿತ್ತಿಪತ್ರಗಳನ್ನು ಕಾಂಗ್ರೆಸ್ ಅಂಟಿಸಿತು. ಗುತ್ತಿಗೆದಾರರ ಸಂಘದ 40 ಪರ್ಸೆಂಟ್ ಕಮಿಷನ್ ಆರೋಪವನ್ನು ಅದು ದಿನನಿತ್ಯ ಎಲ್ಲರೂ ಮಾಡುವ ಮೊಬೈಲ್ ಪಾವತಿಯ ಚಿತ್ರಕ್ಕೆ ಕಟ್ಟಿಹಾಕಿತು. ನಾಯಕರ ಸಹಿಯಿದ್ದ ಗ್ಯಾರಂಟಿ ಕಾರ್ಡುಗಳು ಮನೆ ಮನೆಗೆ ಹೋದವು. ಬಿಜೆಪಿ ಡಬಲ್ ಎಂಜಿನ್ ಸರ್ಕಾರ ಎಂಬ ಮಾತನ್ನೂ ಪ್ರಧಾನಿಯವರ ರೋಡ್ ಶೋಗಳನ್ನೂ ನೆಚ್ಚಿಕೊಂಡಿತು. ಜೆಡಿಎಸ್ ಪಂಚರತ್ನ ರಥಯಾತ್ರೆ ಹೊರಡಿಸಿತು. ಪತ್ರಿಕೆಗಳಲ್ಲಿ ಕಾಂಗ್ರೆಸ್ ಪ್ರಕಟಿಸಿದ ಭ್ರಷ್ಟಾಚಾರದ 'ದರಪಟ್ಟಿ' ಜಾಹೀರಾತಿಗೆ ಆಧಾರ ಕೊಡಿ ಎಂದು ಚುನಾವಣಾ ಆಯೋಗ ನೋಟಿಸ್ ನೀಡಿತು, ಬಿಜೆಪಿ ಮಾನನಷ್ಟ ಮೊಕದ್ದಮೆ ಹೂಡಿತು. ಕಾಂಗ್ರೆಸ್ಸಿನ ಚುನಾವಣಾ ತಂತ್ರ ರೂಪಿಸಿದ್ದ ಸುನೀಲ್ ಕನುಗೋಲು ಅವರು ಚುನಾವಣೆಯ ನಂತರ ಸಂಪುಟ ದರ್ಜೆಯೊಂದಿಗೆ ಮುಖ್ಯಮಂತ್ರಿಗಳ ಮುಖ್ಯ ಸಲಹೆಗಾರರಾದರು. ಪಕ್ಷದ ತಂತ್ರಗಾರರು ಸರ್ಕಾರದ ಹುದ್ದೆಗೆ ಬರುವುದು ಕಾನೂನುಬಾಹಿರವಲ್ಲ. ಆದರೆ ಇಂಥ ನೇಮಕಾತಿಗಳಿಂದ, ಯಾವ ಸರ್ಕಾರವೇ ಮಾಡಲಿ, ನಾನು ಹೇಳುತ್ತಿರುವ ಗೆರೆ ಮಸುಕಾಗುತ್ತದೆ.

ಪಕ್ಷಗಳ ಪ್ರಚಾರಕ್ಕೂ ಕಟ್ಟುಪಾಡುಗಳಿವೆ. ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಟಿವಿಯ ರಾಜಕೀಯ ಜಾಹೀರಾತಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪೂರ್ವಾನುಮತಿ ಬೇಕು. ನಮ್ಮ ರಾಜ್ಯದಲ್ಲಿ ವಿಧಾನಸಭೆಯ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ 40 ಲಕ್ಷ ರೂಪಾಯಿ, ಲೋಕಸಭೆಗೆ 95 ಲಕ್ಷ. ಆದರೆ ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ, ಕಟ್ಟುಪಾಡಿನ ಅರ್ಧ ಬಲ ಅಲ್ಲಿಯೇ ಸೋರಿಹೋಗುತ್ತದೆ. ಕಾಸಿಗಾಗಿ ಸುದ್ದಿಯದು ಇನ್ನೂ ಕೆಟ್ಟ ರೋಗ, ಏಕೆಂದರೆ ಅಲ್ಲಿ ಜಾಹೀರಾತು ಸುದ್ದಿಯ ವೇಷದಲ್ಲಿ ಬರುತ್ತದೆ ಮತ್ತು ಓದುಗನಿಗೆ ಎಚ್ಚರವಾಗಿರಲು ಅವಕಾಶವೇ ಸಿಗುವುದಿಲ್ಲ. ಸಾಬೀತಾದರೆ ಅದರ ಮೊತ್ತವನ್ನು ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತಾರೆ, ಆದರೆ ನಗದಿನಲ್ಲಿ ನಡೆದದ್ದನ್ನು ಸಾಬೀತು ಮಾಡುವುದು ಸುಲಭವಲ್ಲ.

ಇಷ್ಟೆಲ್ಲ ಖರ್ಚಿನ ಪ್ರಚಾರದಿಂದ ಜನರ ಮನಸ್ಸು ಬದಲಾಗುತ್ತದೆಯೇ ಎಂದು ತಮಗೆ ಅನಿಸಿರಬಹುದು. ಜನರ ಅನುಭವಕ್ಕೆ ವಿರುದ್ಧವಾದ ಪ್ರಚಾರ ನಿಲ್ಲುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. 2004ರ ಲೋಕಸಭಾ ಚುನಾವಣೆಗೆ ಮುನ್ನ ವಾಜಪೇಯಿ ಸರ್ಕಾರ 'ಇಂಡಿಯಾ ಶೈನಿಂಗ್' ಎಂಬ ಭಾರಿ ಜಾಹೀರಾತು ನಡೆಸಿತು, ಚುನಾವಣೆಯಲ್ಲಿ ಸೋತಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು ನಿಜ. ಆದರೆ ಸಾಲಾಗಿ ಬರಗಾಲ ಕಂಡಿದ್ದ ಹಳ್ಳಿಗಳಿಗೆ ಆ ಹೊಳಪು ತಮ್ಮದೆನಿಸಲಿಲ್ಲ. ಇದಕ್ಕೆ ಎದುರಾಗಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯನ್ನು ನೋಡಿ. ಬಸ್ಸಿನಲ್ಲಿ ಹೆಣ್ಣುಮಗಳೊಬ್ಬಳು ಗುರುತಿನ ಚೀಟಿ ತೋರಿಸಿದಾಗ ಕಂಡಕ್ಟರ್ ಆಕೆಗೆ ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾನೆ. ನಿಗಮಗಳಿಗೆ ಸರ್ಕಾರ ಹಣ ಮರುಪಾವತಿಸುವ ಲೆಕ್ಕಕ್ಕಾಗಿ ಆ ಟಿಕೆಟ್ ಬೇಕು, ಆದರೆ ಪ್ರಯಾಣಿಕಳ ಕೈಯಲ್ಲಿ ಅದು ಸರ್ಕಾರದ ಹೇಳಿಕೆಯೂ ಹೌದು. ಯಾವ ಬಸ್ಸಿಗೆ ಅನ್ವಯ, ಯಾವ ಗುರುತಿನ ಚೀಟಿ ನಡೆಯುತ್ತದೆ, ರಾಜ್ಯದ ಗಡಿ ದಾಟಿದರೆ ಏನು ಎಂಬ ಪ್ರಶ್ನೆಗಳಿಗೆ ಮೊದಲ ವಾರಗಳಲ್ಲಿ ಉತ್ತರ ಕೊಟ್ಟವರು ಕಂಡಕ್ಟರುಗಳೇ. ಯೋಜನೆಯ ಹಣಕಾಸಿನ ಸಾಧಕ ಬಾಧಕಗಳ ಚರ್ಚೆ ಬೇರೆ. ಸಂಪರ್ಕದ ದೃಷ್ಟಿಯಿಂದ ಹೇಳುವುದಾದರೆ, ಕೌಂಟರಿನಲ್ಲಿ, ಬಸ್ಸಿನಲ್ಲಿ, ಅಂಗನವಾಡಿಯಲ್ಲಿ ಜನರನ್ನು ಎದುರುಗೊಳ್ಳುವ ನೌಕರರಿಗೆ ಸರಿಯಾದ ಮಾಹಿತಿ ಮುಂಚಿತವಾಗಿ ಕೊಡುವುದು ಮುಖಪುಟದ ಜಾಹೀರಾತಿಗಿಂತ ಹೆಚ್ಚು ಮುಖ್ಯ. ನಮ್ಮ ಸರ್ಕಾರಗಳು ಹೆಚ್ಚಾಗಿ ಇದನ್ನು ಕೊನೆಗೆ ಮಾಡುತ್ತವೆ.

ವಿಪತ್ತಿನ ಕಾಲದಲ್ಲಿ ಈ ಕೆಲಸದ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ದೇಶದಲ್ಲಿ ಕೋವಿಡ್‌ನಿಂದ ಮೊದಲ ಸಾವು ವರದಿಯಾದದ್ದು 2020ರ ಮಾರ್ಚ್‌ನಲ್ಲಿ, ಕಲಬುರಗಿಯಿಂದ. ಆ ದಿನಗಳಲ್ಲಿ ರಾಜ್ಯದ ಆರೋಗ್ಯ ಇಲಾಖೆ ಪ್ರತಿದಿನ ಹೊರಡಿಸುತ್ತಿದ್ದ ಬುಲೆಟಿನ್ ಒಂದು ಒಳ್ಳೆಯ ಮಾದರಿ: ಜಿಲ್ಲಾವಾರು ಅಂಕಿ, ನಿಶ್ಚಿತ ನಮೂನೆ, ಪ್ರತಿದಿನ ತಪ್ಪದೆ. ಕೆಟ್ಟ ಸುದ್ದಿಯನ್ನೂ ಅದೇ ನಮೂನೆಯಲ್ಲಿ ಕೊಡುತ್ತಿದ್ದುದರಿಂದ ಜನ ಅದನ್ನು ಕಾಯುತ್ತಿದ್ದರು. ಅದೇ ತಿಂಗಳು ಬೆಂಗಳೂರಿನಲ್ಲಿ ಗೃಹ ಕ್ವಾರಂಟೈನ್‌ನಲ್ಲಿದ್ದ ಸಾವಿರಾರು ಮಂದಿಯ ಮನೆ ವಿಳಾಸಗಳನ್ನು ಸರ್ಕಾರ ಬಹಿರಂಗಪಡಿಸಿದ್ದು ಗಂಭೀರ ತಪ್ಪು. ಸೋಂಕು ತಗುಲದವರೂ ನೆರೆಹೊರೆಯವರ ಅನುಮಾನಕ್ಕೆ ಗುರಿಯಾದರು. ಮಾಹಿತಿ ಕೊಡುವುದು ಒಳ್ಳೆಯದು ಎಂಬ ನಿಯಮವನ್ನು ಯಾವ ಮಾಹಿತಿ, ಯಾರ ಮಾಹಿತಿ ಎಂದು ಕೇಳಿಕೊಳ್ಳದೆ ಪಾಲಿಸಿದರೆ ಹೀಗಾಗುತ್ತದೆ.

ಸುಳ್ಳು ಸುದ್ದಿ ತಡೆಯುವ ಹೆಸರಿನಲ್ಲಿ ಸರ್ಕಾರಗಳು ಸತ್ಯಶೋಧನಾ ಘಟಕ ತೆರೆಯುತ್ತಿರುವ ಬಗ್ಗೆಯೂ ಒಂದು ಮಾತು. ವದಂತಿಗೆ ದಾಖಲೆಯೊಂದಿಗೆ ಉತ್ತರಿಸುವುದು ಸರ್ಕಾರದ ಕರ್ತವ್ಯ. ಆದರೆ ತನ್ನ ಬಗೆಗಿನ ಸುದ್ದಿ ಸುಳ್ಳೋ ನಿಜವೋ ಎಂದು ತಾನೇ ತೀರ್ಪು ಕೊಟ್ಟು, ಆ ತೀರ್ಪಿಗೆ ಕಾನೂನಿನ ಬಲ ಸೇರಿಸುವುದು ಬೇರೆ ಮಾತು. ಕೇಂದ್ರ ಸರ್ಕಾರ 2023ರಲ್ಲಿ ಐಟಿ ನಿಯಮಗಳಿಗೆ ಅಂಥ ತಿದ್ದುಪಡಿ ತಂದಿತ್ತು; ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಅಸಾಂವಿಧಾನಿಕ ಎಂದಿತು. ಅದು ಸರಿಯಾದ ತೀರ್ಪು ಎಂಬುದು ನನ್ನ ನಂಬಿಕೆ.

ಇನ್ನು ಮುಂದೆ ಪೂರ್ಣಪುಟದ ಜಾಹೀರಾತು ಎದುರಾದಾಗ ಚಿತ್ರಗಳನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿ ನೋಡಿ. ಯಾರು ಅರ್ಹರು, ಎಲ್ಲಿ ಹೋಗಬೇಕು, ಯಾವಾಗ, ಆಗದಿದ್ದರೆ ಯಾರಿಗೆ ದೂರು ಎಂಬುದು ಉಳಿದಿದ್ದರೆ ಅದು ಮಾಹಿತಿ. ಅಭಿನಂದನೆ, ಸಾಧನೆಯ ಪಟ್ಟಿ ಮತ್ತು ವಂದನೆಗಳಷ್ಟೇ ಉಳಿದಿದ್ದರೆ ಅದು ಪ್ರಚಾರ. ನಂತರ ಸಂಬಂಧಪಟ್ಟ ಇಲಾಖೆಯ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಆ ದಿನದ ಜಾಹೀರಾತು ಯಾವ ಯಾವ ಪತ್ರಿಕೆಗೆ ಹೋಯಿತು, ತಲಾ ಎಷ್ಟು ಬಿಲ್ಲಾಯಿತು, ಮಂಜೂರಾತಿ ಆದೇಶದಲ್ಲಿ ಬರೆದ ಉದ್ದೇಶ ಏನು ಎಂದು ಕೇಳಬಹುದು. ಮೂರನೆಯ ಪ್ರಶ್ನೆಯನ್ನು ಬಿಡಬೇಡಿ, ವೆಚ್ಚಕ್ಕೆ ಸಮರ್ಥನೆ ಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ. ಚುನಾವಣಾ ಕಾಲದಲ್ಲಾದರೆ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಚಿತ್ರದ ಸಮೇತ ದೂರು ಕೊಡುವ ಅನುಕೂಲವಿದೆ.

ತಮ್ಮ ಮಗಳು ಈ ಕ್ಷೇತ್ರಕ್ಕೆ ಧಾರಾಳವಾಗಿ ಹೋಗಲಿ. ಪಕ್ಷದ ಕಡೆಗೋ ಸರ್ಕಾರದ ಕಡೆಗೋ ಎಂಬುದನ್ನು ಮಾತ್ರ ಮೊದಲೇ ತೀರ್ಮಾನಿಸಲಿ. ಪಕ್ಷದ ಕೆಲಸದಲ್ಲಿ ಸಂಬಳ ಬೇಗ ಏರುತ್ತದೆ, ಚುನಾವಣೆ ಮುಗಿದಂದು ಕೆಲಸವೂ ಮುಗಿಯಬಹುದು. ಆಕೆ ಆ ಪಕ್ಷದ ವಿಚಾರವನ್ನು ನಂಬುವವಳಾದರೆ ಅದರಲ್ಲಿ ತಪ್ಪೇನೂ ಇಲ್ಲ. ಸರ್ಕಾರದ ಕಡೆಗಾದರೆ ರಾಜ್ಯದ ವಾರ್ತಾ ಇಲಾಖೆಯ ನೇಮಕಾತಿ ಪ್ರಕಟಣೆಗಳ ಮೇಲೆ ಕಣ್ಣಿಡಲಿ. ಕೇಂದ್ರದಲ್ಲಿ ಯುಪಿಎಸ್‌ಸಿ ಮೂಲಕ ಭಾರತೀಯ ಮಾಹಿತಿ ಸೇವೆಗೆ ಸೇರುವ ದಾರಿಯಿದೆ. ಎರಡಕ್ಕೂ ಮುನ್ನ ಒಂದೆರಡು ವರ್ಷ ಯಾವುದಾದರೂ ಜಿಲ್ಲಾ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿ ದುಡಿಯಲಿ ಎಂಬುದು ನನ್ನ ಸಲಹೆ. ಸರ್ಕಾರದ ಪ್ರಕಟಣೆಗಳು ಪತ್ರಿಕೆಯ ಮೇಜಿನ ಮೇಲೆ ಹೇಗೆ ಬಂದು ಬೀಳುತ್ತವೆ, ಅವುಗಳಲ್ಲಿ ಯಾವುದು ಬುಟ್ಟಿಗೆ ಹೋಗುತ್ತದೆ, ಯಾವುದನ್ನು ಉಪಸಂಪಾದಕರು ಮತ್ತೆ ಬರೆಯಬೇಕಾಗುತ್ತದೆ ಎಂಬುದನ್ನು ಆ ಬದಿಯಲ್ಲಿ ನಿಂತು ನೋಡಿದರೆ, ಮುಂದೆ ಈ ಬದಿಯಿಂದ ಬರೆಯುವಾಗ ಬೆಳೆ ಪರಿಹಾರದ ಪ್ರಕಟಣೆಯಲ್ಲಿ ಕೊನೆಯ ದಿನಾಂಕವನ್ನು ಆಕೆ ಎಂದಿಗೂ ಬಿಡುವುದಿಲ್ಲ.